ಬಾಯಿಗೆ ಥರ್ಮಾಮೀಟರು

ಆ ವಾರ್ಡಿನ ಹಿರಿಯ ನರ್ಸಿಗೆ ಎಲ್ಲರೂ ಇಟ್ಟಿದ್ದ ಹೆಸರು ‘ಏನಾಗಲ್ಲ ಸಿಸ್ಟರ್’. ಸೂಜಿ ಚುಚ್ಚುವಾಗಲೂ ‘ಏನಾಗಲ್ಲ’, ಹೊಲಿಗೆ ಬಿಚ್ಚುವಾಗಲೂ ‘ಏನಾಗಲ್ಲ’. ಬಾಯಿ ಬಿಟ್ಟರೆ ಬ್ರೇಕಿಲ್ಲದ ಬಂಡಿ. ಮನೆಯಲ್ಲಿ ಯಜಮಾನರಂತೂ ಮಾತಾಡಲು ತಮ್ಮ ಸರದಿಗೆ ಕಾದು ಕಾದು, ಪೇಪರ್ ಓದುವುದೇ ವಾಸಿ ಎಂದು ಕೈಚೆಲ್ಲಿದ್ದರು.

ಇಂಥವರು ನಡುವಯಸ್ಸಿನಲ್ಲಿ ಎಂ.ಎಸ್ಸಿ. ನರ್ಸಿಂಗಿಗೆ ಸೇರಿದರು. ಸಂಶೋಧನೆಗೆ ಆರಿಸಿಕೊಂಡದ್ದು ಕಾಲು ಕಳೆದುಕೊಂಡವರ ಅನುಭವ. ಅಂಕಿಸಂಖ್ಯೆಯ ಗೋಜಿಲ್ಲ, ರೋಗಿಯ ಒಪ್ಪಿಗೆ ಪಡೆದು, ಒಂದು ಪ್ರಶ್ನೆ ಕೇಳಿ, ಅವರು ಹೇಳಿದ್ದನ್ನೆಲ್ಲ ರೆಕಾರ್ಡ್ ಮಾಡಿ, ಅದರೊಳಗಿನ ಅರ್ಥ ಹುಡುಕಬೇಕು. ಮಾತಿನ ಕೆಲಸ ತಾನೇ, ನಮಗೇನು ಕಷ್ಟ ಎಂದುಕೊಂಡರು, ಪಾಪ.

ಮೊದಮೊದಲ ರೆಕಾರ್ಡಿಂಗುಗಳನ್ನು ಕೇಳಿ ಗೈಡ್ ಮೇಡಂ ತಲೆಯ ಮೇಲೆ ಕೈ ಹೊತ್ತರು.

“ಇದರಲ್ಲಿ ರೋಗಿ ಎಲ್ಲಿದ್ದಾರೆ? ಬರೀ ನಿಮ್ಮ ದನೀನೇ ಇದೆ. ಇನ್ನೊಂದ್ಸಲ ಹೀಗಾದ್ರೆ ನಾನು ಸಹಿ ಹಾಕಲ್ಲ.”

ಸಹಿಯಿಲ್ಲದಿದ್ದರೆ ಪದವಿಯಿಲ್ಲ. ಮಗಳ ವಯಸ್ಸಿನವರ ಜೊತೆ ಬೆಂಚಿನಲ್ಲಿ ಕೂತು ಓದಿದ್ದೆಲ್ಲ ನೀರುಪಾಲು.

ಮರುದಿನ ಸಿಸ್ಟರ್ ಒಬ್ಬ ದರ್ಜಿಯ ಮಂಚದ ಪಕ್ಕ ಕೂತರು. ಸಕ್ಕರೆ ಕಾಯಿಲೆಗೆ ಬಲಗಾಲು ಕೊಟ್ಟು, ಹೊಲಿಗೆ ಮಷೀನು ತುಳಿಯಲಾರದೆ ಮಲಗಿದ್ದ ಮನುಷ್ಯ. “ಕಾಲು ಹೋದಾಗ ಹೇಗನ್ನಿಸ್ತು, ಹೇಳಿ” ಎಂದವರೇ ಜೇಬಿನಿಂದ ಥರ್ಮಾಮೀಟರು ತೆಗೆದು ತಮ್ಮದೇ ನಾಲಿಗೆಯ ಕೆಳಗಿಟ್ಟು ತುಟಿ ಬಿಗಿದರು. ಹರಟೆಮಲ್ಲ ರೋಗಿಗಳ ಬಾಯಿ ಮುಚ್ಚಿಸಲು ಅವರು ವರ್ಷಗಟ್ಟಲೆ ಬಳಸಿದ್ದ ಉಪಾಯವೇ ಇದು.

ದರ್ಜಿ ಕಕ್ಕಾಬಿಕ್ಕಿಯಾದರು. ಸಿಸ್ಟರ್ ಏನಾದರೂ ಅಂದಾರೆಂದು ಕಾದರು. ಕೊನೆಗೆ ಬೇರೆ ದಾರಿ ಕಾಣದೆ ತಾವೇ ಶುರು ಮಾಡಿದರು.

“ಆಪರೇಷನ್ ಆದ ದಿನ ನಂಗೆ ಅಳು ಬಂದಿತ್ತು ಸಿಸ್ಟರ್. ಅಷ್ಟರಲ್ಲಿ ನೀವು ಬಂದು ಏನಾಗಲ್ಲ ಅಂದ್ರಿ. ಆಗೋದೆಲ್ಲ ಆಗಿಹೋಗಿತ್ತು. ಆದ್ರೂ ನೀವು ಅಷ್ಟು ಪ್ರೀತಿಯಿಂದ ಹೇಳ್ದಾಗ ಹೇಗೆ ಅಳೋದು? ನುಂಗ್ಕೊಂಡೆ. ಇವತ್ತಿನವರೆಗೂ ಅತ್ತಿಲ್ಲ.”

ಸಿಸ್ಟರ್ ಗಂಟಲವರೆಗೆ ‘ಏನಾಗಲ್ಲ’ ಬಂದೇಬಿಟ್ಟಿತ್ತು. ಗಾಜಿನ ಕಡ್ಡಿ ಅಡ್ಡವಿತ್ತು. ದರ್ಜಿ ಹೊದಿಕೆಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದರು. ಸಿಸ್ಟರ್ ನಾಚಿಕೆಯಿಂದ, ದುಃಖದಿಂದ, ಅವರ ಕೈ ಹಿಡಿದು ಸುಮ್ಮನೆ ಕೂತರು.

ಆ ರೆಕಾರ್ಡಿಂಗ್ ಕೇಳಿದ ಮೇಡಂ ಮರುಮಾತಾಡದೆ ಸಹಿ ಹಾಕಿದರು.

ಸಂಜೆ ಮನೆಗೆ ಬಂದ ಸಿಸ್ಟರ್ ಯಜಮಾನರ ಎದುರು ಕೂತು, “ನಿಮ್ಮ ದಿನ ಹೇಗಿತ್ತು?” ಎಂದು ಕೇಳಿ, ಥರ್ಮಾಮೀಟರು ಬಾಯಿಗಿಟ್ಟುಕೊಂಡರು. ಯಜಮಾನರು ಗಾಬರಿಯಾಗಿ ಹೆಂಡತಿಯ ಹಣೆ ಮುಟ್ಟಿ ನೋಡಿದರು. ಜ್ವರವಿರಲಿಲ್ಲ. ಆಮೇಲೆ ಪೇಪರ್ ಮಡಚಿ ಪಕ್ಕಕ್ಕಿಟ್ಟು, ಮೆಲ್ಲಗೆ ಕೇಳಿದರು: “ನಿಜವಾಗ್ಲೂ ಹೇಳ್ಲಾ?”