ಗೇಟು ಹಿಡಿದು ಕರೆಯುವವರು

ಶಿಕಾರಿಪುರದ ನಮ್ಮ ಬೀದಿಯಲ್ಲಿ ಪಕ್ಕದ ಮನೆಯವರಷ್ಟು ಮರ್ಯಾದಸ್ಥರು ಇನ್ನೊಬ್ಬರಿರಲಿಲ್ಲ. ಮಧ್ಯಾಹ್ನ ಯಾರೇ ಹಾದುಹೋಗಲಿ, ಗೇಟಿನ ಚಿಲಕ ಬಿಗಿಯಾಗಿ ಹಿಡಿದುಕೊಂಡೇ, "ಬರ್ರಿ, ಊಟ ಮಾಡ್ಕೊಂಡು ಹೋಗ್ರಿ" ಎನ್ನುತ್ತಿದ್ದರು. ನಾವು ಹಸಿದ ಹೊಟ್ಟೆಯಲ್ಲೇ, "ಈಗಷ್ಟೇ ಆತ್ರಿ" ಎಂದು ಮುಂದೆ ಸಾಗುತ್ತಿದ್ದೆವು. ವರ್ಷಗಟ್ಟಲೆ ಊರನ್ನೆಲ್ಲ ಕರೆದರು; ಅವರ ಮನೆಯ ಒಂದು ಅಗುಳೂ ಖರ್ಚಾಗಲಿಲ್ಲ.

ಒಮ್ಮೆ ಕುಪ್ಪಗಡ್ಡೆಯಿಂದ ಬಂದ ನನ್ನ ಸೋದರಮಾವ, ನಮ್ಮ ಮನೆಗೆ ಬೀಗ ಹಾಕಿದ್ದರಿಂದ ಬೀದಿಯಲ್ಲೇ ನಿಂತಿದ್ದ. ಪಕ್ಕದ ಮನೆಯವರು ಎಂದಿನಂತೆ ಕರೆದರು. ಮಾವ ಗೇಟು ತಳ್ಳಿ ಒಳಗೆ ಹೋಗಿ, ಚಪ್ಪಲಿ ಬಿಟ್ಟು, "ಕೈ ತೊಳ್ಕಳಕೆ ನೀರೆಲ್ಲೈತ್ರಿ?" ಎಂದ. ಎರಡು ಸಲ ಸಾರು ಹಾಕಿಸಿಕೊಂಡು ಉಂಡು, ತೃಪ್ತಿಯಿಂದ ತೇಗಿದ.

ಸಂಜೆ ಅವರು ನನ್ನನ್ನು ತಡೆದು, ನಿಜವಾದ ನೋವಿನಿಂದ ಹೇಳಿದರು: "ನಿಮ್ಮ ಮಾವಂಗೆ ರೀತಿ ರಿವಾಜು ಗೊತ್ತಿಲ್ಲ ಬಿಡ್ರಿ. ಕರದ್ರು ಅಂತ ಬಂದೇಬಿಡೋದಾ?"