ಗುಡ್ಡದ ಕಡೆಗೆ ‘ಅಪ್’

ಮೊಯ್ದು ಮೇಸ್ತ್ರಿಗಳು ನನ್ನ ಝೆರಾಕ್ಸ್ ಅಂಗಡಿಗೆ ಬಂದರೆ ಮನೆಯ ನಕ್ಷೆಗೆ ಲ್ಯಾಮಿನೇಷನ್ ಹಾಕಿಸಿಕೊಂಡು ಹೋಗುತ್ತಾರೆ. ಗೋಣಿಬೀಡಿನ ಸುತ್ತ ಮೂವತ್ತು ವರ್ಷಗಳಿಂದ ಮನೆ ಕಟ್ಟುತ್ತಿದ್ದಾರೆ. ಒಂದೂ ಬಿದ್ದಿಲ್ಲ. ನಕ್ಷೆ ಬಿಚ್ಚಿ, ಕಣ್ಣು ಕಿರಿದು ಮಾಡಿ, ಎರಡು ಸಲ ತಿರುಗಿಸಿ “ಹ್ಞೂಂ” ಎನ್ನುತ್ತಿದ್ದರು. ಆ “ಹ್ಞೂಂ” ಆದಮೇಲೆ ಇಂಜಿನಿಯರುಗಳಿಗೂ ಪ್ರಶ್ನೆ ಕೇಳುವ ಧೈರ್ಯ ಇರುತ್ತಿರಲಿಲ್ಲ.

ಹೋದ ವರ್ಷ ವಸಂತಮ್ಮ ಮನೆ ಕಟ್ಟಿಸಲು ಹೊರಟರು. ಅವರು ನಮ್ಮೂರ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು. ದಿನಾ ಬಸ್ಸಿನಲ್ಲಿ ಬರುವವರು. ಆ ಬಸ್ಸಿಗೆ ಏಳೂವರೆಯೂ ಒಂದೇ, ಎಂಟೂಕಾಲೂ ಒಂದೇ. ಹನ್ನೊಂದು ವರ್ಷ ಕೊಡೆ ಹಿಡಿದು ರಸ್ತೆಬದಿಯಲ್ಲಿ ನಿಂತವರ ಬೇಡಿಕೆ ಒಂದೇ ಒಂದು: ಅಡುಗೆಮನೆಯ ಕಿಟಕಿ ರಸ್ತೆಗೆ ಮುಖ ಮಾಡಿರಬೇಕು. “ತಿರುವಿನಲ್ಲಿ ಬಸ್ಸು ಕಂಡ್ರೆ ಸಾಕು, ಒಲೆ ಆರ್ಸಿ ಬೀಗ ಹಾಕ್ಕೊಂಡು ಬಂದ್ಬಿಡ್ತೀನಿ” ಎಂದು ಇಂಜಿನಿಯರ್ ದಿಲೀಪನಿಗೆ ಹೇಳಿದರು. ಅವನು ಹಾಗೆಯೇ ಬರೆದುಕೊಟ್ಟ.

ಜಾಗ ಗುಡ್ಡ ಕಡಿದು ಸಮ ಮಾಡಿದ್ದು. ಕೆಳಗೆ ರಸ್ತೆ, ಮೇಲೆ ಆಳೆತ್ತರದ ಮಣ್ಣಿನ ಗೋಡೆಯಂತೆ ನಿಂತ ಧರೆ. ನಮ್ಮಲ್ಲಿ ಪೂರ್ವ ಯಾವುದೆಂದರೆ ಜನ ಸೂರ್ಯನನ್ನು ಹುಡುಕುತ್ತಾರೆ; ಜೂನ್ ಬಂದರೆ ಅವನೂ ಸಿಗುವುದಿಲ್ಲ. ಮೇಲೆ, ಕೆಳಗೆ ಎಂದರೆ ಮಕ್ಕಳಿಗೂ ಗೊತ್ತು. ನಕ್ಷೆಯ ನಡುವೆ ಒಂದು ಬಾಣವಿತ್ತು, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ‘ಅಪ್’ ಎಂದು ಬರೆದಿತ್ತು. ಆ ಪದ ಮೇಸ್ತ್ರಿಗಳಿಗೆ ಟೈಲ್ಸ್ ಡಬ್ಬಿಗಳಿಂದ ಪರಿಚಯ. ನಕ್ಷೆ ತಿರುಗಿಸುತ್ತ ಹೋಗಿ, ಬಾಣ ಗುಡ್ಡಕ್ಕೆ ಮುಖ ಮಾಡಿದಾಗ “ಹ್ಞೂಂ” ಎಂದು ಪಾಯಕ್ಕೆ ದಾರ ಕಟ್ಟಿಸಿದರು. ತಲೆಬಾಗಿಲು ಪೂರ್ವಕ್ಕೆ ಬಂತೆಂದು ವಾಸ್ತು ನೋಡಲು ಬಂದ ಭಟ್ಟರೂ ಮೆಚ್ಚಿಕೊಂಡರು.

ಗೋಡೆ ಸೊಂಟದೆತ್ತರ ಬಂದ ಭಾನುವಾರ ವಸಂತಮ್ಮ ನೋಡಲು ಹೋದರು. ಅಡುಗೆಮನೆಯಲ್ಲಿ, ಕಿಟಕಿಗೆಂದು ಬಿಟ್ಟ ಜಾಗದಲ್ಲಿ ನಿಂತರು. ಮೂರಡಿ ಆಚೆಗೆ ಧರೆ. ಧರೆಯಲ್ಲಿ ಒಂದು ಏಡಿ.

“ಮೊಯ್ದಣ್ಣ, ಬಸ್ಸು ಎಲ್ಲಿ ಬರುತ್ತೆ?”

“ಪ್ಲಾನಲ್ಲಿ ಇದ್ದಂಗೇ ಕಟ್ಟಿದ್ದು ಅಕ್ಕ. ನೋಡಿ, ಅಪ್ ಅಂತ ಬರ್ದಿದೆ. ಅಪ್ ಅಂದ್ರೆ ಮೇಲ್ಗಡೆ. ಮೇಲ್ಗಡೆ ಅಂದ್ರೆ ಗುಡ್ಡ.”

ವಸಂತಮ್ಮ ದಿಲೀಪನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು.

“ಅದು ತಾರಸಿಗೆ ಮೆಟ್ಲು ಹತ್ತೋ ದಿಕ್ಕು ಮೇಸ್ತ್ರಿ. ಗುಡ್ಡ ಅಲ್ಲ ಮಾರಾಯ್ರೆ, ಮನೆ ಪೂರ್ತಿ ತಿರುಗಿಬಿಟ್ಟಿದೆ” ಎಂದಿತು ಫೋನು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೇಸ್ತ್ರಿಗಳು ಹಾಗೆನ್ನುವಂತೆಯೂ ಇರಲಿಲ್ಲ. ನೆಲ ಸಮ ಮಾಡಿಸಿದ್ದು ಅವರೇ. ವಸಂತಮ್ಮನಿಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು. ಯಾವುದನ್ನು ಮೊದಲು ಮಾಡುವುದೆಂದು ಅವರು ಯೋಚಿಸುತ್ತಿದ್ದಾಗ ಮೇಸ್ತ್ರಿಗಳು ತಲೆಯ ಟವೆಲ್ ತೆಗೆದರು.

“ಅದೊಂದು ಪದ ಬಿಟ್ರೆ ನಂಗೆ ಇಂಗ್ಲಿಷ್ ಓದೋಕೆ ಬರಲ್ಲ ಅಕ್ಕ. ಮೂವತ್ತು ವರ್ಷದಿಂದ ಯಾರೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ. ನಾಚ್ಕೆ.”

ಮರುದಿನ ಅವರೇ ಸುತ್ತಿಗೆ ಹಿಡಿದು ಒಳಗೋಡೆ ಕೆಡವಿದರು. ಮಲಗುವ ಕೋಣೆ ಧರೆಯ ಕಡೆಗೆ ಹೋಯಿತು. ಕಣ್ಣು ಮುಚ್ಚಿ ಮಲಗುವವರಿಗೆ ಧರೆಯಾದರೇನು. ಅಡುಗೆಮನೆ ರಸ್ತೆಗೆ ಬಂತು.

ಒಕ್ಕಲಾದ ಮರುದಿನ ಬೆಳಿಗ್ಗೆ ತಿರುವಿನಲ್ಲಿ ಬಸ್ಸು ಕಂಡಿತು. ವಸಂತಮ್ಮ ಒಲೆ ಆರಿಸಿ, ಬೀಗ ಹಾಕಿ, ಅವಸರವಿಲ್ಲದೆ ಇಳಿದು ಬಂದು ಹತ್ತಿದರು. ಒಳಗೆ ಮೊಯ್ದು ಮೇಸ್ತ್ರಿಗಳು ಪಕ್ಕದಲ್ಲಿ ಅವರಿಗೊಂದು ಸೀಟು ಹಿಡಿದು ಕೂತಿದ್ದರು. ತೊಡೆಯ ಮೇಲೆ ಇನ್ಯಾರದೋ ಮನೆಯ ನಕ್ಷೆ.

“ಓದಿ ಹೇಳಿ ಅಕ್ಕ” ಎಂದರು, ಇಡೀ ಬಸ್ಸಿಗೆ ಕೇಳುವಂತೆ.

ವಸಂತಮ್ಮ ಕನ್ನಡಕ ಹಾಕಿಕೊಂಡು ಒಂದೊಂದೇ ಇಂಗ್ಲಿಷ್ ಅಕ್ಷರ ಕೂಡಿಸಿ ಓದತೊಡಗಿದರು. ಎರಡು ಸ್ಟಾಪಿನಲ್ಲಿ ಹಾಲ್ ಮುಗಿಯಿತು. ಅಡುಗೆಮನೆಗೆ ಬಂದಾಗ ನಿಲ್ಲಿಸಿದರು.

“ಕಿಟಕಿ ಯಾವ ಕಡೆ ಬೇಕು ಅಂತ ಆ ಮನೆಯ ಹೆಂಗಸ್ರನ್ನ ಕೇಳಿದ್ರಾ?”

ಮೇಸ್ತ್ರಿಗಳು ಕೇಳಿರಲಿಲ್ಲ. ನಕ್ಷೆ ಸುತ್ತಿಕೊಂಡು ಮುಂದಿನ ಸ್ಟಾಪಿನಲ್ಲೇ ಇಳಿದು, ಬಂದ ದಾರಿಯಲ್ಲಿ ಆ ಮನೆಯ ಕಡೆಗೆ ವಾಪಸ್ ನಡೆದರು.