ಗೆರೆ ಕಾಯುತ್ತಿದ್ದ ಮೇಡಂ

ಮಂಡ್ಯದ ಲ್ಯಾಬಿನಲ್ಲಿ ನನ್ನ ಮೊಮ್ಮಗಳಿಗೆ ಕೆಲಸ ಕಲಿಸಿದ ಮೇಡಂ, ಏನು ಕೆಟ್ಟರೂ ಕನ್ನಡಕವನ್ನು ಹಣೆಗೇರಿಸಿ, "ಇನ್ನೊಂದ್ಸಲ ಮಾಡವ ಬುಡು" ಅನ್ನುವರು. ಬಸರಾಳಿನ ನಮ್ಮ ಗದ್ದೆಯ ಕಬ್ಬಿನೆಲೆ ಅರೆದು, ಅದರ ಡಿಎನ್‌ಎಯಲ್ಲಿ ಒಂದು ರೋಗದ ಗುರುತು ಹುಡುಕುವುದು ಮೊಮ್ಮಗಳ ಕೆಲಸ. ಗುರುತಿದ್ದರೆ ಜೆಲ್ಲಿಯಂಥ ಬಿಲ್ಲೆಯಲ್ಲಿ ಗೆರೆ ಹೊಳೆಯಬೇಕು. ಗೆರೆ ಬರದೆ ಅವಳ ಓದು ಮುಗಿಯದು. ತಿಂಗಳುಗಟ್ಟಲೆ ಬಂದಿರಲಿಲ್ಲ, ಮಗು ಊಟವನ್ನೇ ಮರೆತಿತ್ತು.

ನಾನು ನೋಡಲು ಹೋದ ದಿನ ಮೇಡಂ ಬಿಲ್ಲೆಯ ಕೆಳಗೆ ದೀಪ ಹಾಕಿದರು. ಅಂಚಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಎಷ್ಟೊಂದು ಗೆರೆ! "ಬಂತು ಕಣವ್ವಾ!" ಎಂದು ಕಿರುಚಿ ಮದ್ದೂರು ವಡೆಯ ಪೊಟ್ಟಣ ಬಿಚ್ಚಿದೆ.

"ಅಯ್ಯೋ ಅಜ್ಜಿ, ಅದು ಅಳತೆಗೆ ಅಂತ ನಾವೇ ಕೊಂಡ್ಕಂಡು ಹಾಕಿರೋದು, ದಿನಾ ಬತ್ತದೆ! ವಡೆ ಆಚೆಗಿಡಿ, ಇಲ್ಲಿ ತಿನ್ನಂಗಿಲ್ಲ," ಎಂದು ಮೇಡಂ ನಕ್ಕರು.

ಎಮ್ಮೆ ಕರು ಹಾಕುವ ಮೊದಲೇ ಗಿಣ್ಣು ಹಂಚುವವಳು ನಾನು!

ಆಮೇಲೆ ಮೇಡಂ ನಮ್ಮ ಎಲೆಯ ಸಾಲಿನತ್ತ ಬಾಗಿ ನೋಡಿದರು. ಪೊರೆ ಬಂದ ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಇದ್ದಕ್ಕಿದ್ದಂತೆ ಅವರು, "ತೆಳ್ಳಗೆ ಗೆರೆ ಬಂದದೆ!" ಎಂದು ಮೊಮ್ಮಗಳನ್ನೂ ನನ್ನನ್ನೂ ಒಟ್ಟಿಗೆ ತಬ್ಬಿ ಕುಣಿಯತೊಡಗಿದರು. ನಾನು ಅವರಿಗಿಂತ ಜೋರಾಗಿ ಕುಣಿದೆ. ಸುಸ್ತಾಗಿ ಕೂತ ಮೇಲೆ ತಲೆಗೆ ಹೋಯಿತು, ರೋಗ ಸಿಕ್ಕಿರುವುದು ನಮ್ಮದೇ ಕಬ್ಬಿನಲ್ಲಿ!